ಅಮೆರಿಕದಲ್ಲಿ ಮನೆಗೇ ಬರುವ ಡ್ರಿಪ್ ಚೀಲ: ಫ್ರಿಜ್ಜಿಗೆ ಇಡುವ ಮುಂಚೆ ಲೇಬಲ್ ಓದಿ

ಊರಲ್ಲಿ ಡಾಕ್ಟರ್ ಚೀಟಿ ಬರೆದರೆ ನಾವೇ ಕೆಳಗಿನ ಮೆಡಿಕಲ್ ಶಾಪಿಗೆ ಓಡುತ್ತೇವೆ. ಡ್ರಿಪ್ ಬಾಟಲಿ, ಇಂಜೆಕ್ಷನ್ ಸೀಸೆ, ಸಿರಿಂಜ್ ಎಲ್ಲಾ ತಂದು ನರ್ಸ್ ಕೈಗೆ ಕೊಡುತ್ತೇವೆ. ಅವರು ವಾರ್ಡಿನಲ್ಲೇ ಬೆರೆಸಿ ಹಾಕುತ್ತಾರೆ. ಅಮೆರಿಕದಲ್ಲಿ ಬೆರೆಸುವ ಕೋಣೆಯೇ ಬೇರೆ, ಬೆರೆಸುವವರೂ ಬೇರೆ. ಆದರೆ ಹಾಕಿಕೊಳ್ಳುವ ಕೆಲಸ ಎಷ್ಟೋ ಸಲ ನಮ್ಮ ಮನೆಗೇ ಬರುತ್ತದೆ. ಮೂಳೆಗೆ ಸೋಂಕಾದರೆ ಆರು ವಾರ ಆಂಟಿಬಯಾಟಿಕ್ ಬೇಕಾಗಬಹುದು. ಅಷ್ಟು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವುದು ಅಪರೂಪ. ತೋಳಿಗೆ ಪಿಕ್ ಲೈನ್, ಅಂದರೆ ತೋಳಿನ ರಕ್ತನಾಳದಿಂದ ಹೃದಯದ ಹತ್ತಿರದವರೆಗೆ ಹೋಗುವ ತೆಳು ಕೊಳವೆ, ಹಾಕಿ ಮನೆಗೆ ಕಳಿಸುತ್ತಾರೆ. ಇದೇ ಹೋಮ್ ಇನ್ಫ್ಯೂಷನ್.

ನಾನು ಅಂಥ ಚೀಲಗಳನ್ನು ತಯಾರಿಸುವ ಫಾರ್ಮಸಿಯಲ್ಲಿ ಕೆಲಸ ಮಾಡುತ್ತೇನೆ. ಕ್ಲೀನ್ ರೂಮಿಗೆ ಹೋಗುವ ಮುಂಚೆ ಉಂಗುರ, ಬಳೆ ತೆಗೆಯಬೇಕು. ಕುಂಕುಮವನ್ನೂ ಒರೆಸುತ್ತೇನೆ, ಪುಡಿ ಉದುರುತ್ತದಲ್ವಾ. ಮೊಣಕೈವರೆಗೆ ಕನಿಷ್ಠ 30 ಸೆಕೆಂಡ್ ಸೋಪು ಹಚ್ಚಿ ತೊಳೆಯಬೇಕು. ಔಷಧಿ ಬೆರೆಸುವುದು ಹುಡ್ ಒಳಗೆ, ಅಂದರೆ ಫಿಲ್ಟರ್ ಮಾಡಿದ ಗಾಳಿ ಹರಿಯುವ ಗೂಡಿನೊಳಗೆ. ಅಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು 3,520 ದಾಟುವಂತಿಲ್ಲ. ಫಿಲ್ಟರಿನಿಂದ ಬರುವ ಗಾಳಿಗೂ ಸೂಜಿಗೂ ನಡುವೆ ನಮ್ಮ ಕೈ ಕೂಡ ಅಡ್ಡ ಬರಬಾರದು. ಈ ನಿಯಮಗಳಿಗೆ ಯುಎಸ್‌ಪಿ 797 ಎಂದು ಹೆಸರು. ತಿದ್ದಿದ ರೂಪ 2023ರ ನವೆಂಬರ್ 1ರಿಂದ ಜಾರಿಯಲ್ಲಿದೆ.

ಇಷ್ಟೊಂದು ಕಟ್ಟುನಿಟ್ಟು ಯಾಕೆ? ಮಾತ್ರೆಯ ಜೊತೆ ಒಂದಿಷ್ಟು ಕೊಳೆ ಹೋದರೆ ಹೊಟ್ಟೆ ನೋಡಿಕೊಳ್ಳುತ್ತದೆ. ರಕ್ತನಾಳಕ್ಕೆ ಹೋದದ್ದನ್ನು ತಡೆಯಲು ಬಾಗಿಲೇ ಇಲ್ಲ. 2012ರಲ್ಲಿ ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಬೆರೆಸಿದ ಸ್ಟೀರಾಯ್ಡ್ ಇಂಜೆಕ್ಷನ್ನಿಗೆ ಬೂಷ್ಟು ಸೇರಿತ್ತು. ಬೆನ್ನುನೋವಿಗೆಂದು ಚುಚ್ಚಿಸಿಕೊಂಡವರಿಗೆ ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಯ ಉರಿಯೂತ, ಬಂತು. 60ಕ್ಕೂ ಹೆಚ್ಚು ಜನ ತೀರಿಕೊಂಡರು. ಮರುವರ್ಷವೇ ಹೊಸ ಕಾನೂನು ಬಂತು. ನಾನು ಕೆಲಸ ಕಲಿಯುವಾಗ ಮೊದಲು ಕೇಳಿದ್ದು ಇದೇ ಕಥೆ.

ಈಗ ನಿಮ್ಮ ಮನೆಯ ಮಾತು. ಪೆಟ್ಟಿಗೆ ಬಂದ ಕೂಡಲೇ ಪ್ರತಿ ಚೀಲದ ಮೇಲೂ ಹೆಸರು, ಔಷಧಿ, ಡೋಸ್ ನೋಡಿ. ಆಮೇಲೆ ಅವಧಿ ಮುಗಿಯುವ ತಾರೀಖು. ಇಲ್ಲಿ ತಿಂಗಳು ಮೊದಲು ಬರೆಯುತ್ತಾರೆ. 03/04 ಎಂದರೆ ಮಾರ್ಚ್ 4, ಏಪ್ರಿಲ್ 3 ಅಲ್ಲ! ಊರಿಂದ ಬಂದ ಅಪ್ಪ ಅಮ್ಮ ಇದನ್ನು ತಿರುಗಿಸಿ ಓದುತ್ತಾರೆ. ಹಾಗಾದರೆ ಅವಧಿ ಮುಗಿದ ಚೀಲ ಒಂದು ತಿಂಗಳು ಫ್ರಿಜ್ಜಿನಲ್ಲೇ ಉಳಿಯುತ್ತದೆ. ದಯವಿಟ್ಟು ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಅಂಟಿಸಿ.

ಫ್ರಿಜ್ಜಿನಲ್ಲಿಡಿ ಎಂದಿದ್ದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್. ಮೊಸರು, ಹಿಟ್ಟಿನ ಪಾತ್ರೆಗಳ ಪಕ್ಕ ಬೇಡ, ಬೇರೆ ಡಬ್ಬಿಯಲ್ಲಿಡಿ. ಹೆಪ್ಪುಗಟ್ಟಿದರೆ ಬಳಸಬೇಡಿ. ಹಾಕುವ ಮುಂಚೆ ಎಷ್ಟು ಹೊತ್ತು ಹೊರಗಿಡಬೇಕು ಎಂದು ಲೇಬಲ್ ಹೇಳುತ್ತದೆ. ಅವಸರಕ್ಕೆ ಬಿಸಿನೀರು, ಮೈಕ್ರೋವೇವ್ ಮಾತ್ರ ಬೇಡವೇ ಬೇಡ. ಬಣ್ಣ ಬದಲಾಗಿದ್ದರೆ, ಒಳಗೆ ಏನಾದರೂ ತೇಲುತ್ತಿದ್ದರೆ ಫಾರ್ಮಸಿಗೆ ಫೋನ್ ಮಾಡಿ.

ಹಾಕುವ ಕ್ರಮವನ್ನು ನರ್ಸ್ ಮನೆಗೆ ಬಂದು ಕಲಿಸುತ್ತಾರೆ. ಕೈ ತೊಳೆಯಿರಿ, ಲೈನಿನ ತುದಿಯನ್ನು ಆಲ್ಕೋಹಾಲ್ ಪ್ಯಾಡಿನಿಂದ 15 ಸೆಕೆಂಡ್ ಗಟ್ಟಿಯಾಗಿ ಉಜ್ಜಿ, ಒಣಗಲು ಬಿಡಿ. ಸುಮ್ನೆ ಒಮ್ಮೆ ಒರೆಸಿದರೆ ಸಾಲದು. ಉಜ್ಜಿದ ಮೇಲೆ ತುದಿಯನ್ನು ಮುಟ್ಟಬೇಡಿ, ಊದಬೇಡಿ. ಮೊದಲು ಲೈನ್ ತೊಳೆಯಲು ಸಲೈನ್ (ಉಪ್ಪುನೀರು), ನಂತರ ಔಷಧಿ, ಮತ್ತೆ ಸಲೈನ್. ಹೇಳಿದ್ದರೆ ಮಾತ್ರ ಕೊನೆಗೆ ಹೆಪಾರಿನ್, ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ. ಸಲೈನ್ ಹೋಗದಿದ್ದರೆ ಬಲವಂತ ಮಾಡಬೇಡಿ, ನರ್ಸಿಗೆ ತಿಳಿಸಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಔಷಧಿ ಹೋಗುವಾಗ ನಡುಕ ಬಂದರೆ, ತೋಳು ಊದಿದರೆ ಕೂಡಲೇ ಫೋನ್ ಮಾಡಿ. ಉಸಿರು ಕಟ್ಟಿದರೆ 911.

ಪ್ರವಾಸಿ ವೀಸಾದಲ್ಲಿ ಬಂದ ಹಿರಿಯರಿದ್ದರೆ ದುಡ್ಡಿನ ವಿಷಯ ಮೊದಲೇ ಕೇಳಿಬಿಡಿ. ಔಷಧಿ, ನರ್ಸ್, ಸಾಮಾನು ಇವುಗಳಲ್ಲಿ ಯಾವುದಕ್ಕೆ ಇನ್ಶೂರೆನ್ಸ್ ಕೊಡುತ್ತದೆ ಎಂದು ಡಿಸ್‌ಚಾರ್ಜ್ ಆಗುವ ಮುಂಚೆಯೇ ಕೇಸ್ ಮ್ಯಾನೇಜರ್ (ಮನೆಗೆ ಕಳಿಸುವ ಏರ್ಪಾಡು ನೋಡಿಕೊಳ್ಳುವ ಆಸ್ಪತ್ರೆ ಸಿಬ್ಬಂದಿ) ಹತ್ತಿರ ಬರೆಸಿಕೊಳ್ಳಿ. ಅಮ್ಮನಿಗೆ ಇಂಗ್ಲಿಷ್ ಬರದಿದ್ದರೆ ಕನ್ನಡ ದುಭಾಷಿ ಬೇಕು ಎಂದು ಕೇಳಿ. ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಅದನ್ನು ಪುಕ್ಕಟೆಯಾಗಿ ಒದಗಿಸಬೇಕು. ಬಹಳ ಸಲ ಫೋನಿನಲ್ಲೇ ಸಿಗುತ್ತಾರೆ. ಸಂಕೋಚ ಬೇಡ.

ಇನ್ನೊಂದು ವಿಷಯ. ಮುಂದಿನ ವಾರದ ಚೀಲ ಕಳಿಸುವ ಮುಂಚೆ ಫಾರ್ಮಸಿಯವರು ಫೋನ್ ಮಾಡಿ, ಮನೆಯಲ್ಲಿ ಎಷ್ಟು ಉಳಿದಿದೆ ಎಂದು ಕೇಳುತ್ತಾರೆ. ಗೊತ್ತಿಲ್ಲದ ನಂಬರ್ ಎಂದು ಕಟ್ ಮಾಡಬೇಡಿ. ಮೊದಲ ದಿನವೇ ಆ ನಂಬರನ್ನು ಹೆಸರು ಹಾಕಿ ಸೇವ್ ಮಾಡಿಕೊಳ್ಳಿ.