ಕೋವ್ ಪಟ್ಟಣವನ್ನು ನಾನು ನೋಡಿದ ಬಗೆ

ಐರ್ಲೆಂಡಿನ ದಕ್ಷಿಣದಲ್ಲಿ, ಕಾರ್ಕ್ ಬಂದರಿನ ಒಳಗಿರುವ ಗ್ರೇಟ್ ಐಲೆಂಡ್ ಎಂಬ ದ್ವೀಪದ ಇಳಿಜಾರಿನಲ್ಲಿ ಕೋವ್ ಪಟ್ಟಣವಿದೆ. ಟೈಟಾನಿಕ್ ಹಡಗು ಅಟ್ಲಾಂಟಿಕ್ ಸಾಗರಕ್ಕೆ ಇಳಿಯುವ ಮುನ್ನ ಕೊನೆಯದಾಗಿ ನಿಂತದ್ದು ಇಲ್ಲೇ, 1912ರ ಏಪ್ರಿಲ್ 11ರಂದು. ಆ ದಿನ ಇಲ್ಲಿ ಹಡಗು ಹತ್ತಿದ ಪ್ರಯಾಣಿಕರು 123 ಮಂದಿ. ಆದರೆ 1848ರಿಂದ 1950ರವರೆಗೆ ಐರ್ಲೆಂಡನ್ನು ತೊರೆದ ಸುಮಾರು 60 ಲಕ್ಷ ಜನರಲ್ಲಿ 25 ಲಕ್ಷದಷ್ಟು ಮಂದಿ ಹೊರಟದ್ದೂ ಇದೇ ದಡದಿಂದ. ಹೋಗುವ ಮೊದಲು ಓದಿಕೊಳ್ಳುತ್ತಿದ್ದಾಗ ಈ ಎರಡು ಸಂಖ್ಯೆಗಳು ನನ್ನ ಮನಸ್ಸಿನಲ್ಲಿ ಉಳಿದವು. ಆದ್ದರಿಂದ ಟೈಟಾನಿಕ್‌ಗೆ ಸಂಬಂಧಿಸಿದ್ದನ್ನು ಮಾತ್ರ ನೋಡಿ ಮರಳುವ ಬದಲು, ವಲಸೆ ಹೊರಟವರು ಬಂದಿಳಿದ ಜಾಗದಿಂದಲೇ ಆರಂಭಿಸಿ ಊರನ್ನು ನಡೆದು ನೋಡಬೇಕೆಂದು ನಿಶ್ಚಯಿಸಿದೆ.

ಹೀಗೆ ನೋಡಬೇಕಾದರೆ ರೈಲಿನಲ್ಲಿಯೇ ಹೋಗಬೇಕು. ಕೆಲಸದ ನಿಮಿತ್ತ ಡಬ್ಲಿನ್‌ನಲ್ಲಿರುವ ನಾನು ಬೆಳಗಿನ ರೈಲಿನಲ್ಲಿ ಹ್ಯೂಸ್ಟನ್ ನಿಲ್ದಾಣದಿಂದ ಹೊರಟು, ಸುಮಾರು ಎರಡೂವರೆ ಗಂಟೆಯಲ್ಲಿ ಕಾರ್ಕ್ ನಗರದ ಕೆಂಟ್ ನಿಲ್ದಾಣವನ್ನು ತಲುಪಿ, ಅಲ್ಲಿ ಕೋವ್‌ನ ಸ್ಥಳೀಯ ರೈಲನ್ನು ಹಿಡಿದೆ. ಇಪ್ಪತ್ತೈದು ನಿಮಿಷಗಳ ಈ ಸಣ್ಣ ಪ್ರಯಾಣ ಬಹಳ ಚೆಲುವಾದದ್ದು. ಗ್ಲೌಂಥೌನ್ ದಾಟಿದ ಮೇಲೆ ಹಳಿ ದಕ್ಷಿಣಕ್ಕೆ ತಿರುಗಿ, ಫೋಟಾ ದ್ವೀಪವನ್ನು ಹಾದು, ಹಿನ್ನೀರಿನ ಅಂಚಿನಲ್ಲೇ ಸಾಗುತ್ತದೆ. ಈ ಮಾರ್ಗ 1862ರಲ್ಲಿ ಪಟ್ಟಣಕ್ಕೆ ಬಂದಿತು. ಅಂದಿನಿಂದ ಒಳನಾಡಿನ ಹಳ್ಳಿಗಳಿಂದ ಹೊರಟವರು ತಮ್ಮ ನೆಲದ ಮೇಲೆ ಮಾಡಿದ ಕೊನೆಯ ಪ್ರಯಾಣವೂ ಇದೇ ಆಗಿತ್ತು. ಭಾರತದಿಂದ ಬರುವವರು ಒಂದು ವಿಷಯವನ್ನು ಗಮನಿಸಬೇಕು: ಐರ್ಲೆಂಡ್ ಷೆಂಗೆನ್ ವ್ಯವಸ್ಥೆಗೆ ಸೇರಿಲ್ಲವಾದ್ದರಿಂದ ಫ್ರಾನ್ಸ್ ಅಥವಾ ಜರ್ಮನಿಗಾಗಿ ಪಡೆದ ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ, ಬೇರೆಯಾಗಿಯೇ ಅರ್ಜಿ ಹಾಕಬೇಕು.

ರೈಲಿನಿಂದ ಇಳಿದರೆ ಪಕ್ಕದಲ್ಲೇ ವಿಕ್ಟೋರಿಯಾ ಕಾಲದ ಹಳೆಯ ನಿಲ್ದಾಣದ ಕಟ್ಟಡವಿದೆ. ಅದೇ ಈಗ ಕೋವ್ ಹೆರಿಟೇಜ್ ಸೆಂಟರ್. 1849ರಲ್ಲಿ ರಾಣಿ ವಿಕ್ಟೋರಿಯಾ ಇಲ್ಲಿಗೆ ಬಂದ ನೆನಪಿಗೆ ಊರಿಗೆ ಕ್ವೀನ್ಸ್‌ಟೌನ್ ಎಂದು ಹೆಸರಿಟ್ಟಿದ್ದರು. ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ, 1920ರಲ್ಲಿ, ಅದು ಕೋವ್ ಆಯಿತು. ಕ್ವೀನ್ಸ್‌ಟೌನ್ ಕಾಲದ ಕಥೆಯೇ ಇಲ್ಲಿನ ಪ್ರದರ್ಶನದ ವಸ್ತು. 1845ರಲ್ಲಿ ಆಲೂಗೆಡ್ಡೆ ಬೆಳೆಗೆ ರೋಗ ತಗುಲಿದ್ದು, ಅದರಿಂದ ಹುಟ್ಟಿದ ಮಹಾಕ್ಷಾಮ, ಅಮೆರಿಕಕ್ಕೆ ಹೊರಟವರ ಹಡಗಿನ ಬದುಕು, ಆಸ್ಟ್ರೇಲಿಯಾಕ್ಕೆ ಗಡೀಪಾರಾದ ಕೈದಿಗಳ ಪಾಡು ಎಲ್ಲವೂ ಅಲ್ಲಿವೆ. ಇಲ್ಲಿ ಅವಸರ ಮಾಡಬಾರದೆಂದು ನನ್ನ ಅಭಿಪ್ರಾಯ, ಏಕೆಂದರೆ ಊರಿನ ಉಳಿದ ಪ್ರತಿಯೊಂದು ಜಾಗದ ಅರ್ಥವೂ ತೆರೆದುಕೊಳ್ಳುವುದು ಈ ಹಿನ್ನೆಲೆಯಿಂದ. ಹೊರಗೆ ಧಕ್ಕೆಯ ಬಳಿ ಆ್ಯನಿ ಮೂರ್ ಎಂಬ ಹುಡುಗಿ ತನ್ನ ಇಬ್ಬರು ತಮ್ಮಂದಿರೊಡನೆ ನಿಂತಿರುವ ಕಂಚಿನ ಪ್ರತಿಮೆಯಿದೆ. ಇಲ್ಲಿಂದ ನೆವಾಡಾ ಹಡಗಿನಲ್ಲಿ ಹೊರಟ ಆಕೆ, ನ್ಯೂಯಾರ್ಕಿನ ಎಲ್ಲಿಸ್ ಐಲೆಂಡ್ ವಲಸೆ ಕೇಂದ್ರವು 1892ರ ಜನವರಿ 1ರಂದು ಬಾಗಿಲು ತೆರೆದಾಗ ಒಳಗೆ ಕಾಲಿಟ್ಟ ಮೊದಲ ವಲಸೆಗಾರಳು. ಅಪ್ಪ ಅಮ್ಮ ಮೊದಲೇ ಅಮೆರಿಕ ಸೇರಿದ್ದರು. ತಮ್ಮಂದಿರನ್ನು ಕರೆದೊಯ್ಯುವ ಹೊಣೆ ಈ ಅಕ್ಕನದಾಗಿತ್ತು. ಪ್ರತಿಮೆಯಲ್ಲಿ ಆಕೆ ಒಮ್ಮೆ ಹಿಂದಿರುಗಿ ನೋಡುತ್ತಿರುವಂತೆ ಶಿಲ್ಪಿ ಜೀನ್ ರೈನ್‌ಹಾರ್ಟ್ ರೂಪಿಸಿದ್ದಾರೆ.

ಅಲ್ಲಿಂದ ನೀರಿನ ಅಂಚಿನ ರಸ್ತೆಯಲ್ಲಿ ಪೂರ್ವಕ್ಕೆ ನಡೆದರೆ ಕೆಲವೇ ನಿಮಿಷಗಳಲ್ಲಿ ಕೇಸ್‌ಮೆಂಟ್ ಚೌಕ ಸಿಗುತ್ತದೆ. ಟೈಟಾನಿಕ್ ಹಡಗಿನ ಒಡೆಯರಾಗಿದ್ದ ವೈಟ್ ಸ್ಟಾರ್ ಲೈನ್ ಸಂಸ್ಥೆಯ ಹಳೆಯ ಟಿಕೆಟ್ ಕಚೇರಿಯಲ್ಲಿ ಈಗ ಟೈಟಾನಿಕ್ ಪ್ರದರ್ಶನವಿದೆ. ಒಳಗಿನ ದೃಶ್ಯಾವಳಿಗಿಂತ ನನಗೆ ಮುಖ್ಯವೆನಿಸಿದ್ದು ಕಟ್ಟಡದ ಹಿಂದೆ ನೀರಿನಲ್ಲಿ ಇನ್ನೂ ನಿಂತಿರುವ, ಕೊಳೆತು ಸವೆದ ಮರದ ಧಕ್ಕೆ. ಟೈಟಾನಿಕ್ ಬಂದರಿನ ಒಳಗೆ ಬರಲಿಲ್ಲ. ಅದು ಬಂದರಿನ ಬಾಯಿಯಲ್ಲಿರುವ ರೋಚಸ್ ಪಾಯಿಂಟ್‌ನಾಚೆ ಲಂಗರು ಹಾಕಿತ್ತು. ಪ್ರಯಾಣಿಕರನ್ನು ಅಲ್ಲಿಗೆ ಒಯ್ದದ್ದು ‘ಐರ್ಲೆಂಡ್’ ಮತ್ತು ‘ಅಮೆರಿಕ’ ಎಂಬ ಎರಡು ಚಿಕ್ಕ ಹಡಗುಗಳು. 123 ಮಂದಿಯಲ್ಲಿ 113 ಮಂದಿ ಮೂರನೆಯ ದರ್ಜೆಯವರು, ಎಂದರೆ ಹೆಚ್ಚಿನವರು ಬದುಕು ಅರಸಿ ಹೊರಟ ಬಡವರೇ.

ಅದೇ ಚೌಕದಲ್ಲಿ ಲುಸಿಟೇನಿಯಾ ಎಂಬ ಬ್ರಿಟಿಷ್ ಪ್ರಯಾಣಿಕ ಹಡಗಿನ ಸ್ಮಾರಕವಿದೆ. ಪ್ರವಾಸಿಗಳು ಅದರ ಮುಂದೆ ಫೋಟೊ ತೆಗೆದು ಮುಂದೆ ಸಾಗುವುದನ್ನು ಕಂಡು ನನಗೆ ಬೇಸರವಾಯಿತು, ಏಕೆಂದರೆ ಈ ಊರು ನಿಜವಾಗಿ ತನ್ನ ಕೈಯಾರೆ ಎತ್ತಿ ಮಣ್ಣು ಮಾಡಿದ್ದು ಆ ಹಡಗಿನ ಸತ್ತವರನ್ನು. 1915ರ ಮೇ 7ರಂದು ಜರ್ಮನಿಯ ಜಲಾಂತರ್ಗಾಮಿ ಹಾರಿಸಿದ ಟಾರ್ಪಿಡೊ ತಗುಲಿ, ಕಿನ್‌ಸೇಲ್‌ನ ಓಲ್ಡ್ ಹೆಡ್ ಭೂಶಿರದಾಚೆ ಲುಸಿಟೇನಿಯಾ 18 ನಿಮಿಷಗಳಲ್ಲಿ ಮುಳುಗಿತು. ಸುಮಾರು 1,200 ಜನ ಸತ್ತರು. ಬದುಕಿ ಉಳಿದವರನ್ನೂ ಶವಗಳನ್ನೂ ಮೀನುಗಾರಿಕೆಯ ದೋಣಿಗಳು ಮತ್ತು ಬೇರೆ ಹಡಗುಗಳು ಹೊತ್ತು ತಂದದ್ದು ಈ ದಡಕ್ಕೆ. ಊರಿನ ಹೊರಗಿರುವ ಓಲ್ಡ್ ಚರ್ಚ್ ಸ್ಮಶಾನದಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿಯ ಸಮಾಧಿಗಳಿವೆ. ಅವರಲ್ಲಿ ಬಹುಪಾಲು ಮಂದಿಯನ್ನು ಮೂರು ಸಾಮೂಹಿಕ ಸಮಾಧಿಗಳಲ್ಲಿ ಮಣ್ಣು ಮಾಡಲಾಗಿದೆ. ದಾರಿ ಏರಾಗಿದ್ದರೂ ನಾನು ನಡೆದೇ ಹೋದೆ. ವಯಸ್ಸಾದವರು ಜೊತೆಯಲ್ಲಿದ್ದರೆ ಟ್ಯಾಕ್ಸಿ ಮಾಡಿಕೊಳ್ಳುವುದು ಒಳಿತು; ಆದರೆ ಈ ಜಾಗವನ್ನು ಮಾತ್ರ ಬಿಡಬಾರದು.

ಇದೇ ಕಾರ್ಕ್ ಕೌಂಟಿಯ ಕಡಲಿನಾಚೆ, 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಬಾಂಬ್ ಸ್ಫೋಟದಿಂದ ಉರುಳಿ 329 ಮಂದಿ ಸತ್ತರೆಂಬುದು ಭಾರತೀಯನಾದ ನನಗೆ ಅಲ್ಲಿ ನೆನಪಾಗದೆ ಇರಲಿಲ್ಲ. ಅವರ ಸ್ಮಾರಕ ಇಲ್ಲಿಂದ ದೂರ ಪಶ್ಚಿಮದ ಅಹಾಕಿಸ್ಟಾ ಎಂಬ ಹಳ್ಳಿಯ ಕಡಲಂಚಿನಲ್ಲಿದೆ. ಅದಕ್ಕೆ ಕಾರು ಮತ್ತು ಪ್ರತ್ಯೇಕವಾದ ಒಂದು ದಿನ ಬೇಕು.

ಸ್ಮಶಾನದಿಂದ ಮರಳಿ ಸೇಂಟ್ ಕೋಲ್ಮನ್ ಕ್ಯಾಥೆಡ್ರಲ್‌ಗೆ ಬಂದೆ. 1868ರಲ್ಲಿ ಆರಂಭವಾದ ಇದರ ನಿರ್ಮಾಣ ಸುಮಾರು ಅರ್ಧ ಶತಮಾನ ನಡೆಯಿತು. ಊರು ಬಿಟ್ಟು ಹೋದವರು ಕಳುಹಿಸಿದ ದೇಣಿಗೆಯೂ ಇದರ ಕಲ್ಲುಗಳಲ್ಲಿ ಸೇರಿದೆ ಎಂಬುದನ್ನು ತಿಳಿದು ನೋಡಿದಾಗ, ಹಡಗು ಕಟ್ಟೆಯ ನೇರ ಮೇಲೆ ಇಷ್ಟು ದೊಡ್ಡ ದೇವಾಲಯ ಏಕೆ ನಿಂತಿದೆ ಎಂಬುದು ಮನದಟ್ಟಾಗುತ್ತದೆ. ಗೋಪುರದಲ್ಲಿರುವ 49 ಗಂಟೆಗಳ ಕ್ಯಾರಿಲಾನ್ ವಾದ್ಯವನ್ನು ಬೇಸಿಗೆಯ ಭಾನುವಾರಗಳಲ್ಲಿ ನುಡಿಸುತ್ತಾರೆ. ನಾನು ಭಾನುವಾರವನ್ನೇ ಆರಿಸಿಕೊಂಡದ್ದು ಇದಕ್ಕಾಗಿ. ಪಕ್ಕದ ವೆಸ್ಟ್ ವ್ಯೂ ಬೀದಿಯಲ್ಲಿ ಇಳಿಜಾರಿಗೆ ಸಾಲಾಗಿ ಕಟ್ಟಿದ ಬಣ್ಣಬಣ್ಣದ ಮನೆಗಳಿಗೆ ಸ್ಥಳೀಯರು ‘ಇಸ್ಪೀಟಿನ ಎಲೆಗಳು’ ಎಂಬರ್ಥದ ಹೆಸರಿಟ್ಟಿದ್ದಾರೆ. ಅವು ಜನ ವಾಸಿಸುವ ಮನೆಗಳು, ಆದ್ದರಿಂದ ಬಾಗಿಲ ಮುಂದೆ ಗುಂಪುಗೂಡಬಾರದು.

ಊಟದ ಬಗ್ಗೆ ಸಸ್ಯಾಹಾರಿಗಳು ಚಿಂತಿಸಬೇಕಾಗಿಲ್ಲ. ತರಕಾರಿ ಸೂಪು ಮತ್ತು ಸೋಡಾ ಬ್ರೆಡ್ ನನಗೆ ಸುಲಭವಾಗಿ ದೊರೆತವು. ಮಳೆಗೆ ಕೊಡೆಗಿಂತ ಟೋಪಿಯಿರುವ ಮಳೆಯಂಗಿಯೇ ಉಪಯುಕ್ತ, ಏಕೆಂದರೆ ಕಡಲ ಗಾಳಿಗೆ ಕೊಡೆ ನಿಲ್ಲುವುದಿಲ್ಲ.

ಎದುರಿಗಿರುವ ಸ್ಪೈಕ್ ಐಲೆಂಡನ್ನು ಅದೇ ದಿನಕ್ಕೆ ತುರುಕದೆ, ಕಾರ್ಕ್‌ನಲ್ಲಿ ತಂಗಿ ಮರುದಿನ ನೋಡಿದೆ. ಕೋವ್‌ನ ಕೆನೆಡಿ ಪಿಯರ್ ಎಂಬ ಧಕ್ಕೆಯಿಂದ ದೋಣಿ ಹೊರಡುತ್ತದೆ. ನಕ್ಷತ್ರಾಕಾರದ ಕೋಟೆ, ಕ್ಷಾಮದ ಕಾಲದಲ್ಲಿ 1847ರಲ್ಲಿ ಅಲ್ಲಿ ತೆರೆದ ಸೆರೆಮನೆ, 1938ರವರೆಗೂ ಬ್ರಿಟಿಷರ ವಶದಲ್ಲೇ ಉಳಿದಿದ್ದ ಫಿರಂಗಿ ನೆಲೆಗಳು, ಇವೆಲ್ಲಕ್ಕೆ ಅರ್ಧ ದಿನವಾದರೂ ಬೇಕು. ಚಳಿಗಾಲದಲ್ಲಿ ದೋಣಿಗಳು ವಿರಳ. ಆದ್ದರಿಂದ ದಿನವನ್ನು ಗೊತ್ತುಪಡಿಸಿಕೊಂಡು ಟಿಕೆಟ್ಟನ್ನು ಮುಂಗಡವಾಗಿ ಕಾಯ್ದಿರಿಸಿ, ಅನಂತರ ರೈಲಿನ ಟಿಕೆಟ್ ತೆಗೆದುಕೊಳ್ಳುವುದು ಸರಿಯಾದ ಕ್ರಮ.