ವಾರ್ಡ್ ಇನ್‌ಚಾರ್ಜ್ ಆದ್ಮೇಲೆ ಮೊದ್ಲು ಸಿಸ್ಟರ್‌ಗಳ ಓಡಾಟ ನಿಲ್ಲಿಸಿದ್ದು: ನನ್ನ ಅನುಭವ

ಮೆಡಿಸಿನ್ ವಾರ್ಡ್‌ಗೆ ಇನ್‌ಚಾರ್ಜ್ ಆಗಿ ಹೋದಾಗ ಎಲ್ರೂ ಹೇಳಿದ್ದು ಒಂದೇ, ಸ್ಟಾಫ್ ಇಲ್ಲ ಸಿಸ್ಟರ್, ಇಲ್ಲಿ ಏನೂ ಸುಧಾರಿಸಕ್ಕಾಗಲ್ಲ ಅಂತ. ಸ್ಟಾಫ್ ಕಮ್ಮಿ ಇರೋದು ಸುಳ್ಳಲ್ಲ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಟೀಚಿಂಗ್ ಆಸ್ಪತ್ರೆ ಜನರಲ್ ವಾರ್ಡಲ್ಲಿ 3 ಪೇಷೆಂಟ್‌ಗೆ ಒಬ್ರು, ಬೇರೆ ಆಸ್ಪತ್ರೆಲಿ 5 ಪೇಷೆಂಟ್‌ಗೆ ಒಬ್ರು ನರ್ಸ್ ಇರ್ಬೇಕು, ರಜಾಕ್ಕೆ ಅಂತ 30% ಜನ ಬೇರೆ. ಸರ್ಕಾರಿ ಆಸ್ಪತ್ರೆಲಿ ಒಂದು ನೈಟ್ ಮಾಡಿದೋರಿಗೂ ಈ ಲೆಕ್ಕ ಕಾಗದದ ಮೇಲೆ ಮಾತ್ರ ಇದೆ ಅಂತ ಗೊತ್ತು. ಲಿಂಡಾ ಐಕನ್ ಅನ್ನೋ ನರ್ಸಿಂಗ್ ಸಂಶೋಧಕಿ ಅಮೆರಿಕಾದ ಪೆನ್ಸಿಲ್ವೇನಿಯಾ ಆಸ್ಪತ್ರೆಗಳ ಮೇಲೆ 2002ರಲ್ಲಿ ಬರೆದಿದ್ದು ಓದಿದಾಗ ನನಗೆ ಹೊಟ್ಟೆಲಿ ಸಂಕಟ ಆಯ್ತು, ಒಬ್ಬ ನರ್ಸ್ ಪಾಲಿಗೆ ಒಂದು ಪೇಷೆಂಟ್ ಜಾಸ್ತಿ ಆದ್ರೂ ಆಪರೇಷನ್ ಆದೋರು 30 ದಿನದೊಳಗೆ ಸಾಯೋ ಸಂಭವ ಸುಮಾರು 7% ಏರುತ್ತಂತೆ.

ಆದ್ರೆ ಪೋಸ್ಟ್ ಮಂಜೂರು ಮಾಡೋದು ನನ್ನ ಕೈಲಿಲ್ಲ. ಇರೋ ಸಿಸ್ಟರ್‌ಗಳು ಬೆಡ್ ಹತ್ರ ಎಷ್ಟು ಹೊತ್ತು ಇರ್ತಾರೆ ಅನ್ನೋದು ನನ್ನ ಕೈಲಿದೆ. ಹಾಗಾಗಿ ಟ್ರೈನಿಂಗು, ಮೀಟಿಂಗು ಅಂತ ಏನೂ ಶುರು ಮಾಡ್ದೆ ಸುಮ್ನೆ ನಿಂತು ನೋಡಿದೆ, ಯಾರು ಯಾವಾಗ ಬೆಡ್ ಬಿಟ್ಟು ಯಾಕೆ ಹೋಗ್ತಾರೆ ಅಂತ ಪುಸ್ತಕದಲ್ಲಿ ಬರ್ಕೊಂಡೆ. ಸ್ಟೋರ್‌ಗೆ ಇಂಡೆಂಟ್ (ಬೇಕಾದ ಸಾಮಾನಿನ ಪಟ್ಟಿ) ಹಿಡ್ಕೊಂಡು ಓಡೋದು, ಸಹಿಗೆ ಕಾಯೋದು, ಗ್ಲುಕೋಮೀಟರ್ ಪಕ್ಕದ ವಾರ್ಡಿಂದ ತರೋದು, ಸ್ಯಾಂಪಲ್ ತಗೊಂಡು ಲ್ಯಾಬ್‌ಗೆ ಹೋಗೋದು, ಅಲ್ಲಿ ಫಾರಂ ಸರಿ ಇಲ್ಲ ಅಂದ್ರೆ ವಾಪಸ್ ಬರೋದು. ಇದರಲ್ಲಿ ಶುಶ್ರೂಷೆ ಎಲ್ಲಿದೆ ಹೇಳಿ?

ಆ ಪುಸ್ತಕಾನೇ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಮುಂದೆ ಇಟ್ಟೆ. ದೂರು ಹೇಳಿದ್ರೆ ಕೇಳ್ದೆ ಇರೋರು ಬರೆದಿದ್ದು ತೋರ್ಸಿದ್ರೆ ಕೇಳ್ತಾರೆ, ಇದು ನನ್ನ ಗಟ್ಟಿ ನಂಬಿಕೆ. ಇಂಡೆಂಟ್ ವಾರಕ್ಕೆ ಎರಡು ಸಲ ಅಂತ ಗೊತ್ತುಪಡಿಸಿದ್ರು, ಸ್ಯಾಂಪಲ್‌ಗೆ ಗ್ರೂಪ್ ಡಿಯವ್ರು ಹೊತ್ತು ಹೊತ್ತಿಗೆ ಬರೋ ಹಾಗಾಯ್ತು, ಗ್ಲುಕೋಮೀಟರ್ ನಮ್ಮ ವಾರ್ಡಿಗೇ ಒಂದು ಬಂತು.

ಔಷಧಿ ಕಪಾಟು ತೆಗೆದ್ರೆ ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲು ಡಿಸ್ಟಿಲ್ಡ್ ವಾಟರ್ ಪಕ್ಕದಲ್ಲೇ, ಎರಡೂ ನೋಡಕ್ಕೆ ಒಂದೇ ಥರ. ಪೊಟ್ಯಾಸಿಯಂ ಕ್ಲೋರೈಡ್ ಡೈಲ್ಯೂಟ್ ಮಾಡ್ದೆ ನೇರ ರಕ್ತನಾಳಕ್ಕೆ ಪುಶ್ ಕೊಟ್ರೆ ಹೃದಯ ನಿಂತೇ ಹೋಗಬಹುದು. ರಾತ್ರಿ ಮೂರು ಗಂಟೆಲಿ ಅರೆಬೆಳಕಲ್ಲಿ ಕೈ ಹಾಕೋ ಹುಡುಗಿಗೆ "ಹುಷಾರಾಗಿರಮ್ಮ" ಅಂದ್ರೆ ಸಾಕಾ? ಅದನ್ನ ಬೇರೆ ಡಬ್ಬಕ್ಕೆ ಹಾಕಿ ಕೆಂಪು ಲೇಬಲ್ ಅಂಟಿಸಿ ಬೀಗ ಹಾಕಿದ್ವಿ, ಸಿರಿಂಜಿಗೆ ಲೋಡ್ ಮಾಡೋವಾಗ ಇನ್ನೊಬ್ರು ನೋಡ್ಲೇಬೇಕು. ಇನ್ಸುಲಿನ್, ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಹೆಪಾರಿನ್‌ಗೂ ಹಾಗೇ, ಇಬ್ರು ನೋಡಿದ್ಮೇಲೇನೆ.

ಶಿಫ್ಟ್ ಬದಲಾಗೋವಾಗ ಪೇಷೆಂಟ್ ವಿಷಯ ಮುಂದಿನೋರಿಗೆ ಒಪ್ಪಿಸೋ ಹ್ಯಾಂಡೋವರ್ ನರ್ಸಿಂಗ್ ಸ್ಟೇಷನ್ನಲ್ಲಿ ಕೂತು ಕೊಡೋದು ಬಿಟ್ಟು ಬೆಡ್ ಹತ್ರಾನೇ ಕೊಡೋಕೆ ಶುರು ಮಾಡಿದ್ವಿ. ಮೊದ್ಲು ಗೊಣಗಿದ್ರು, ಎರಡು ಗಂಟೆಗೆ ಬಸ್ ಹಿಡೀಬೇಕು ಸಿಸ್ಟರ್ ಅಂತ, ಅವರ ಕಷ್ಟ ನ್ಯಾಯವಾದದ್ದೇ. ಅದಕ್ಕೆ ಬರೆಯೋ ಕೆಲಸ ಮೊದ್ಲೇ ಮುಗಿಸಿ, ಬೆಡ್ ಹತ್ರ ಬರೀ ಕ್ಯಾನುಲಾ (ಡ್ರಿಪ್ ಹಾಕೋಕೆ ರಕ್ತನಾಳಕ್ಕೆ ಚುಚ್ಚಿಟ್ಟ ಸಣ್ಣ ನಳಿಕೆ), ಡ್ರಿಪ್, ಯೂರಿನ್ ಬ್ಯಾಗ್, ಬೆನ್ನಲ್ಲಿ ಹುಣ್ಣಾಗಿದ್ಯಾ ಇಷ್ಟೇ ನೋಡೋದು ಅಂತ ಮಾಡ್ಕೊಂಡ್ವಿ. ಒಂದ್ಸಲ ಮಧ್ಯಾಹ್ನದ ಹ್ಯಾಂಡೋವರಲ್ಲಿ ಒಬ್ಬ ಅಜ್ಜಿ ತಾನೇ ಕೈ ಮುಂದೆ ಚಾಚಿ "ಇಲ್ಲಿ ಉರೀತದೆ ಕಣವ್ವ" ಅಂದ್ರು, ನೋಡಿದ್ರೆ ಕ್ಯಾನುಲಾ ಜಾಗ ಕೆಂಪಗೆ ಊದಿತ್ತು. ಕೇಸ್ ಶೀಟಲ್ಲಿ "ಐವಿ ಲೈನ್ ಪೇಟೆಂಟ್", ಅಂದ್ರೆ ಡ್ರಿಪ್ ಲೈನ್ ಸರಿಯಾಗಿ ಹರೀತಿದೆ ಅಂತಿತ್ತು.

ಪೇಷೆಂಟಿಗೆ ಹಾಕಿದ ಸೂಜಿ ಕೈಗೆ ಚುಚ್ಚಿಕೊಂಡ್ರೆ ಬೈತಾರೆ ಅಂತ ಸಿಸ್ಟರುಗಳು ಹೇಳದೇ ಮುಚ್ಚಿಡ್ತಾರಲ್ಲ, ಅದು ನನ್ನನ್ನ ಎಲ್ಲಕ್ಕಿಂತ ಕಾಡಿದ್ದು. ಎಚ್‌ಐವಿ ತಡೆಯೋ ಪಿಇಪಿ ಮಾತ್ರೆ ಆದಷ್ಟು ಎರಡು ಗಂಟೆ ಒಳಗೆ, ತೀರಾ ಅಂದ್ರೆ 72 ಗಂಟೆ ಒಳಗೆ ಶುರು ಆಗ್ಬೇಕು, ಹೆದರಿ ಮನೆಗೆ ಹೋದ ಹುಡುಗಿ ಆ ಹೊತ್ತು ಕಳ್ಕೊಂಡು ಬಿಡ್ತಾಳೆ. ಹಾಗಾಗಿ ನಮ್ಮ ವಾರ್ಡಲ್ಲಿ ಒಂದೇ ನಿಯಮ: ಚುಚ್ಚಿದ್ರೆ ಹಿಂಡಬೇಡಿ, ಸೋಪು ನೀರಲ್ಲಿ ತೊಳೀರಿ, ನಂಗೆ ಫೋನ್ ಮಾಡಿ, ರಾತ್ರಿ ಆದ್ರೂ ಸರಿ. ಹೇಗಾಯ್ತು ಅಂತ ವಿಚಾರಿಸೋದು ಆಮೇಲೆ, ಅದೂ ಬಳಸಿದ ಸೂಜಿ ಹಾಕೋ ಶಾರ್ಪ್ಸ್ ಡಬ್ಬ ತುಂಬಿತ್ತಾ, ಸೂಜಿಗೆ ಕ್ಯಾಪ್ ವಾಪಸ್ ಹಾಕೋ ಪರಿಸ್ಥಿತಿ ಯಾಕೆ ಬಂತು ಅಂತ. ಎಲ್ರಿಗೂ ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳ ಮೂರೂ ಡೋಸ್ ಆಗಿದ್ಯಾ ಅಂತ ಕೂತು ಪಟ್ಟಿ ಮಾಡಿದ್ವಿ. ಈಗ ಹೊಸಬ್ರೂ ಬಂದು ಹೇಳ್ತಾರೆ, ಆದ ತಕ್ಷಣ.

ನೈಟ್ ಮಾತ್ರ ಇನ್ನೂ ಸರಿ ಹೋಗಿಲ್ಲ. ಇಡೀ ವಾರ್ಡ್‌ಗೆ ಇಬ್ರೇ, ಒಬ್ರಿಗೆ ಊಟಕ್ಕೆ ಏಳಕ್ಕೂ ಆಗಲ್ಲ. ಪ್ರತಿ ಶಿಫ್ಟಲ್ಲಿ ಎಷ್ಟು ಪೇಷೆಂಟು, ಎಷ್ಟು ಸಿಸ್ಟರು ಅಂತ ದಿನಾ ಬರೆಸ್ತಿದೀನಿ, ತಿಂಗಳ ಕೊನೆಗೆ ಅದರ ಪ್ರತಿ ಮೇಡಂ ಟೇಬಲ್ ಮೇಲೆ ಇಡ್ತೀನಿ, ಇನ್ನೊಬ್ಬರನ್ನ ಕೊಡೋ ತನಕ ಇಡ್ತಾನೇ ಇರ್ತೀನಿ.