ಕಸದ ಗುಡ್ಡೆ, ಕೊಳಚೆ ಹೊಂಡಗಳ ಸುತ್ತ ಅಂತರ್ಜಲ ತಪಾಸಣೆ ಮಾಡುವ ಬಗೆ

ನೆಲದೊಳಗೆ ನೀರು ಯಾವ ಕಡೆ ಹರಿಯುತ್ತಿದೆ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಅದು ತಪ್ಪಿದರೆ ಪ್ರಯೋಗಾಲಯಕ್ಕೆ ಸುರಿದ ಹಣವೆಲ್ಲ ದಂಡ.

ಇದಕ್ಕೆ ಕನಿಷ್ಠ ಮೂರು ಬಾವಿ ಬೇಕು. ಅವು ಒಂದೇ ಸಾಲಿನಲ್ಲಿರದೆ ತ್ರಿಕೋನವಾಗಿರಬೇಕು. ಪ್ರತಿ ಕೇಸಿಂಗ್ ಪೈಪಿನ ಬಾಯಂಚಿಗೆ ಒಂದು ಗುರುತು ಹಾಕಿ, ಆ ಗುರುತಿನ ಎತ್ತರವನ್ನು ಸರ್ವೆಯವರಿಂದ ಅಳೆಸಿ. ಎಲ್ಲ ಬಾವಿಗಳ ನೀರಿನ ಮಟ್ಟವನ್ನು ಒಂದೇ ದಿನ, ಪಂಪ್ ಇಳಿಸುವ ಮೊದಲೇ ಅಳೆಯಿರಿ. ಗುರುತಿನ ಎತ್ತರದಲ್ಲಿ, ಗುರುತಿನಿಂದ ನೀರಿನವರೆಗಿನ ಆಳವನ್ನು ಕಳೆದರೆ ನೀರಿನ ಎತ್ತರ ಸಿಗುತ್ತದೆ. ಆ ಎತ್ತರ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ನೀರು ಹರಿಯುತ್ತದೆ.

ಮೇಲ್ನೋಟದ ಇಳಿಜಾರನ್ನು ನಂಬಬೇಡಿ. ತಳಕ್ಕೆ ಹಾಳೆ ಹಾಸದ ಹೊಂಡದಿಂದ ಇಂಗಿದ ನೀರು ಅಡಿಯಲ್ಲಿ ದಿಬ್ಬದಂತೆ ಉಬ್ಬಿ ನಾಲ್ಕೂ ಕಡೆ ಹರಡುತ್ತದೆ. ಆಗ ಹೋಲಿಕೆಗೆಂದು ಮೇಲ್ಗಡೆ ಕೊರೆದ ಬಾವಿಗೂ ಕೊಳಚೆ ಸೇರಿ, ಹೋಲಿಸಲು ಶುದ್ಧ ನೀರೇ ಉಳಿಯುವುದಿಲ್ಲ. ಪಕ್ಕದಲ್ಲಿ ದಿನವಿಡೀ ಓಡುವ ಕೊಳವೆಬಾವಿಯೂ ಹರಿವನ್ನು ತನ್ನತ್ತ ಎಳೆಯಬಲ್ಲದು. ಹಾಗಾಗಿ ಮಟ್ಟವನ್ನು ಪ್ರತಿ ಸಲವೂ ಅಳೆಯಬೇಕು.

ಹರಿವಿನ ಮೇಲ್ಗಡೆ ಒಂದು, ಕೆಳಗಡೆ ಮೂರು ಬಾವಿ ಎಂಬುದು ಮಾದರಿ ತೆಗೆಯಲು ಕನಿಷ್ಠ ಲೆಕ್ಕ. 50 ಮಿ.ಮೀ. ಪಿವಿಸಿ ಪೈಪು ಸಾಕು. ಆದರೆ ಥ್ರೆಡ್ ಜೋಡಣೆಯದೇ ಇರಲಿ; ಅಂಟು ಹಚ್ಚಿ ಜೋಡಿಸಿದರೆ ಅಂಟಿನ ದ್ರಾವಕ ನೀರಿಗೆ ಇಳಿಯುತ್ತದೆ. ಪೈಪಿನಲ್ಲಿ ನೀರು ಒಳಬರಲು ಸೀಳುಗಳಿರುವ ಭಾಗದ ಸುತ್ತ ತೊಳೆದ ಮರಳು, ಅದರ ಮೇಲೆ ಸುಮಾರು 60 ಸೆಂ.ಮೀ. ಬೆಂಟೊನೈಟ್ (ನೀರು ಹೀರಿ ಉಬ್ಬುವ ಜೇಡಿ), ಆಮೇಲೆ ಸಿಮೆಂಟ್ ಗಾರೆ ತುಂಬಿ. ಹೊಸ ಬಾವಿಯ ಪಿಎಚ್ 10 ದಾಟಿದರೆ ಮೊದಲು ಗಾರೆಯನ್ನೇ ಅನುಮಾನಿಸಿ. ಗಟ್ಟಿ ಬಂಡೆಯಲ್ಲಿ ನೀರು ಬಿರುಕುಗಳಲ್ಲೇ ಸಾಗುತ್ತದೆ. ಬಿರುಕು ತಪ್ಪಿಸಿಕೊಂಡ ಬಾವಿಯ ಒಳ್ಳೆಯ ವರದಿಗೆ ಅರ್ಥವಿಲ್ಲ.

ಪೈಪಿನಲ್ಲಿ ನಿಂತ ನೀರು ಮಾದರಿಯಾಗದು. 50 ಮಿ.ಮೀ. ಪೈಪಿನ ಒಂದು ಮೀಟರಿಗೆ ಸುಮಾರು 2 ಲೀಟರ್ ಹಿಡಿಯುತ್ತದೆ. 6 ಮೀಟರ್ ನೀರಿದ್ದರೆ 12 ಲೀಟರ್. ಅದರ ಮೂರು ಪಟ್ಟು, ಅಂದರೆ 36 ಲೀಟರ್ ಹೊರಹಾಕಿ. ಪಿಎಚ್ 0.1ರೊಳಗೆ, ವಿದ್ಯುತ್ ವಾಹಕತೆ ಶೇ. 3ರೊಳಗೆ ಮೂರು ಸಲ ಸತತ ನಿಂತ ಮೇಲೆ ಬಾಟಲಿ ತೆಗೆಯಿರಿ. ಶುದ್ಧ ಬಾವಿಯಿಂದ ಶುರು ಮಾಡಿ, ಕೊಳಕಾದದ್ದನ್ನು ಕೊನೆಗಿಡಿ.

ಹೆಚ್ಚು ಎಡವುವುದು ಕಬ್ಬಿಣದಲ್ಲಿ. ಆಮ್ಲಜನಕವಿಲ್ಲದ ನೀರು ಹೊರಬಂದಾಗ ತಿಳಿಯಾಗಿರುತ್ತದೆ. ಗಾಳಿ ತಗುಲಿದಂತೆ ಕೆಂಪಗೆ ಕದಡುತ್ತದೆ. ಆ ತುಕ್ಕು ಆರ್ಸೆನಿಕ್ಕನ್ನೂ ಹಿಡಿದುಕೊಂಡು ತಳ ಸೇರುತ್ತದೆ. ಲೋಹಗಳ ಮಾದರಿಯನ್ನು ಬಾವಿಯ ಬಳಿಯೇ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ತಕ್ಷಣ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ. ಸೋಸದೆ ಆಮ್ಲ ಹಾಕಿದರೆ ಜೇಡಿಯೊಳಗಿನ ಲೋಹವೂ ಕರಗಿ ಲೆಕ್ಕ ಉಬ್ಬುತ್ತದೆ.

ಅಮೋನಿಯಕ್ಕೆ ಸಲ್ಫ್ಯೂರಿಕ್ ಆಮ್ಲ, ಮತ್ತೆ ಐಸು. ನೈಟ್ರೇಟಿಗೆ ಐಸು ಮಾತ್ರ, 48 ಗಂಟೆಯೊಳಗೆ ಪರೀಕ್ಷೆ. ಬ್ಯಾಕ್ಟೀರಿಯಕ್ಕೆ ಕ್ರಿಮಿಶುದ್ಧ ಬಾಟಲಿ. ಅದನ್ನು ಅದೇ ದಿನ ತಲುಪಿಸಬೇಕು. ಆವಿಯಾಗುವ ದ್ರಾವಕಗಳಿಗೆ 40 ಮಿ.ಲೀ. ಸೀಸೆಯನ್ನು ಅಂಚು ಮೀರಿ ಉಬ್ಬುವಷ್ಟು ತುಂಬಿ, ಮುಚ್ಚಿ, ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿ. ಗುಳ್ಳೆ ಕಂಡರೆ ಆ ಸೀಸೆ ಬಿಟ್ಟು ಹೊಸದರಲ್ಲಿ ತೆಗೆಯಿರಿ. ಹತ್ತು ಮಾದರಿಗೊಂದು ಜೋಡಿ ಮಾದರಿ (ಅದೇ ಬಾವಿಯ ಎರಡನೆಯ ಬಾಟಲಿ), ದಿನಕ್ಕೊಂದು ಖಾಲಿ ಮಾದರಿ (ಬಾವಿ ನೀರಿನ ಬದಲು ಶುದ್ಧ ನೀರು ತುಂಬಿದ ಬಾಟಲಿ) ಇರಲಿ.

ಫಲಿತಾಂಶದಲ್ಲಿ ಮೊದಲು ಕ್ಲೋರೈಡ್ ನೋಡಿ. ಅದು ಮಣ್ಣಿಗೆ ಅಂಟದೆ ನೀರಿನ ಜತೆಯೇ ಓಡಿ, ಲೋಹಗಳಿಗಿಂತ ಮೊದಲೇ ಸುದ್ದಿ ಮುಟ್ಟಿಸುತ್ತದೆ. ಕ್ಲೋರೈಡಿನ ಜತೆ ಅಮೋನಿಯ, ಕ್ಷಾರೀಯತೆ, ಕಬ್ಬಿಣ, ಮ್ಯಾಂಗನೀಸ್ ಏರಿದ್ದರೆ ಕಸದಿಂದ ಸೋರಿದ ರಸದತ್ತ ಬೊಟ್ಟು; ನೈಟ್ರೇಟ್, ಇ. ಕೋಲಿ (ಮಲದಲ್ಲಿರುವ ಬ್ಯಾಕ್ಟೀರಿಯ) ಏರಿದ್ದರೆ ಹೊಂಡದತ್ತ. ಆದರೆ ಗೊಬ್ಬರ ಹಾಕಿದ ಹೊಲವೂ ನೈಟ್ರೇಟ್ ಕೊಡುತ್ತದೆ, ಹೊಂಡದಡಿಯ ನೀರಿನಲ್ಲಿ ಆಮ್ಲಜನಕವಿಲ್ಲದಿದ್ದರೆ ಅಲ್ಲೂ ಅಮೋನಿಯವೇ ಕಾಣುತ್ತದೆ. ಅದಕ್ಕೇ ಹೊಂಡದ ನೀರು, ಕಸದ ರಸ ಎರಡನ್ನೂ ಅದೇ ಸುತ್ತಿನಲ್ಲಿ ಪರೀಕ್ಷೆಗೆ ಕಳಿಸಿ. ಮೂರು ತಿಂಗಳಿಗೊಮ್ಮೆ ತೆಗೆಯಿರಿ. ಒಂದು ಬಾವಿಯ ಅಂಕಿ ಏಕಾಏಕಿ ನೆಗೆದರೆ ಮುಂದಿನ ಸುತ್ತಿಗೆ ಕಾಯದೆ ಅದೇ ಬಾವಿಯಿಂದ ಮತ್ತೆ ಮಾದರಿ ತೆಗೆಯಿರಿ.